ಕಾರ್ಖಾನೆಯ ಪೀಠೋಪಕರಣ ಮತ್ತು ಬಳಸುವವರ ಕೈಗೆಲಸ: ಒಂದು ಪಾಠಾಂತರದ ಚರಿತ್ರೆ

1

ಪೀಠೋಪಕರಣಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಎರಡು ಬಗೆಯ ಕರ್ತೃಗಳನ್ನು ಮಾತ್ರ ಗುರುತಿಸಿದ್ದಾರೆ. ಮೊದಲನೆಯವನು ಕೈಕಸುಬಿನ ಬಡಗಿ; ಎರಡನೆಯವನು ಕಾರ್ಖಾನೆಗಾಗಿ ನಕ್ಷೆ ರಚಿಸುವ ವಿನ್ಯಾಸಕಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲನೆಯವನು ಹಿಂದೆ ಸರಿದು ಎರಡನೆಯವನು ಮುಂದೆ ಬಂದನೆಂಬುದು ಈ ಚರಿತ್ರೆಯ ಪ್ರಚಲಿತ ರೂಪರೇಷೆ. ಕುರ್ಚಿಯನ್ನು ಕೊಂಡು ಮನೆಗೆ ಒಯ್ದವರು, ಅದರ ಕಾಲು ಮುರಿದಾಗ ಕಟ್ಟಿದವರು, ಬಣ್ಣ ಮಾಸಿದಾಗ ಬೇರೆ ಬಣ್ಣ ಬಳಿದವರು, ಎತ್ತರ ಸಾಲದಾದಾಗ ಅಡಿಗೆ ಕಟ್ಟಿಗೆ ಕೊಟ್ಟವರು ಇದರಲ್ಲಿ ಕೇವಲ ಗಿರಾಕಿಗಳಾಗಿ ಉಳಿದಿದ್ದಾರೆ. ಆದರೆ ಕಾರ್ಖಾನೆಯ ವಸ್ತು ಮನೆಯ ಹೊಸ್ತಿಲನ್ನು ದಾಟಿದ ಮೇಲೆ ಅದರ ರಚನೆ ಮುಗಿಯಿತೆಂದು ಹೇಳಲು ಬರುವುದಿಲ್ಲ. ಒಂದೇ ಅಚ್ಚಿನಲ್ಲಿ ಹುಟ್ಟಿದ ಸಾವಿರ ಕುರ್ಚಿಗಳು ಸಾವಿರ ಮನೆಗಳಲ್ಲಿ ಸಾವಿರ ಬಗೆಯಾಗುತ್ತವೆ. ಈ ಮೂರನೆಯ ಕರ್ತೃವಿನ ಕೆಲಸವನ್ನು ಚರಿತ್ರೆಯ ಒಳಗೆ ತರುವುದು ಹೇಗೆಂಬುದು ಪ್ರಸ್ತುತ ಲೇಖನದ ವಿಚಾರ.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಈ ಪ್ರಶ್ನೆ ಅಪರಿಚಿತವಲ್ಲ. 15-16ನೆಯ ಶತಮಾನಗಳಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ‘ಶೂನ್ಯಸಂಪಾದನೆ’ಯನ್ನು ಒಬ್ಬರಾದ ಮೇಲೊಬ್ಬರು ರೂಪಿಸಿದರು. ಅವರ ಕೈಯಲ್ಲಿದ್ದ ವಚನಗಳು ಹನ್ನೆರಡನೆಯ ಶತಮಾನದ ಶರಣರ ಹೆಸರಿನವು. ಅವನ್ನು ಆಯ್ದು, ಜೋಡಿಸಿ, ನಡುವೆ ಸಂವಾದದ ಎಳೆಯನ್ನು ಹೆಣೆದ ಕೆಲಸ ಮಾತ್ರ ಸಂಪಾದನಕಾರರದು. ಆದರೂ ಕನ್ನಡ ಸಾಹಿತ್ಯ ಚರಿತ್ರೆ ಈ ನಾಲ್ವರನ್ನೂ ಹೆಸರಿಸಿ ಗೌರವಿಸಿದೆ. ಅಂತೆಯೇ ಓಲೆಗರಿಯ ಪ್ರತಿಕಾರ ಮಾಡಿದ ವ್ಯತ್ಯಾಸವನ್ನು ನಮ್ಮ ಗ್ರಂಥಸಂಪಾದನ ಶಾಸ್ತ್ರ ಬರಿಯ ದೋಷವೆಂದು ಎಸೆಯುವುದಿಲ್ಲ. ಪಾಠಾಂತರವೆಂದು ಅಡಿಯಲ್ಲಿ ದಾಖಲಿಸುತ್ತದೆ. ಕೃತಿಯನ್ನು ಓದಿದವರು ಅದನ್ನು ಹೇಗೆ ತಮ್ಮದಾಗಿಸಿಕೊಂಡರೆಂಬುದಕ್ಕೆ ಪಾಠಾಂತರ ಒಂದು ಸಾಕ್ಷಿ. ಈ ಪರಿಭಾಷೆಯನ್ನು ಕುರ್ಚಿ ಮೇಜುಗಳಿಗೆ ಅನ್ವಯಿಸಿ ನೋಡಬಹುದೆಂಬುದು ನಮ್ಮ ಸೂಚನೆ.

2

ಯಂತ್ರೋತ್ಪಾದನೆ ಬಂದೊಡನೆ ಕೈಗೆಲಸ ನಿಂತಿತೆಂಬ ಕಲ್ಪನೆಯನ್ನು ಮೊದಲು ಪರಿಶೀಲಿಸಬೇಕು. ಅಮೆರಿಕದ ಕನೆಕ್ಟಿಕಟ್ ಪ್ರಾಂತದಲ್ಲಿ ಲ್ಯಾಂಬರ್ಟ್ ಹಿಚ್‌ಕಾಕ್ 1818ರಲ್ಲಿ ಕುರ್ಚಿಯ ಬಿಡಿಭಾಗಗಳನ್ನು ತಯಾರಿಸಲು ತೊಡಗಿದನು. ನೀರಿನ ಬಲದಿಂದ ತಿರುಗುವ ಚರಕಿಯಲ್ಲಿ ಕಡೆದ ಕಾಲುಗಳೂ ಅಡ್ಡಪಟ್ಟಿಗಳೂ ದೂರದ ಊರುಗಳಿಗೆ ಹೋಗಿ ಅಲ್ಲಿ ಜೋಡಣೆಯಾಗುತ್ತಿದ್ದವು. 1826ರ ವೇಳೆಗೆ ಆತನು ಇಡೀ ಕುರ್ಚಿಯನ್ನೇ ಮಾಡುವ ಇಟ್ಟಿಗೆಯ ಕಾರ್ಖಾನೆಯನ್ನು ಕಟ್ಟಿದನು. ಆ ಕುರ್ಚಿಗಳ ಬೆನ್ನಿನ ಮೇಲೆ ಹಣ್ಣು, ಎಲೆ, ಬಳ್ಳಿಗಳ ಚಿತ್ತಾರವಿರುತ್ತಿತ್ತು. ಕತ್ತರಿಸಿದ ಅಚ್ಚುಹಾಳೆಯನ್ನು ಇಟ್ಟು, ಕಂಚಿನ ಪುಡಿಯನ್ನು ಬೆರಳಿನಿಂದ ಉಜ್ಜಿ, ಈ ಚಿತ್ತಾರವನ್ನು ತುಂಬುತ್ತಿದ್ದವರು ಬಹುಮಟ್ಟಿಗೆ ಹೆಂಗಸರು. ಕುರ್ಚಿ ಹಿಚ್‌ಕಾಕನ ಹೆಸರಿನಲ್ಲಿ ಪ್ರಸಿದ್ಧವಾಯಿತು; ಬೆರಳುಗಳ ಒಡತಿಯರ ಹೆಸರುಗಳು ಕುರ್ಚಿಯ ಮೇಲೆ ಬರಲಿಲ್ಲ.

ಇದಕ್ಕಿಂತ ದೊಡ್ಡ ಉದಾಹರಣೆ ಮಿಖಾಯೆಲ್ ಟೋನೆಟ್‌ನದು. ರೈನ್ ನದಿಯ ದಂಡೆಯ ಬೊಪಾರ್ಡಿನಲ್ಲಿ 1796ರಲ್ಲಿ ಹುಟ್ಟಿದ ಈ ಬಡಗಿ 1842ರಲ್ಲಿ ವಿಯೆನ್ನಾಕ್ಕೆ ಹೋದನು. ಇಡೀ ಮರದ ಕೋಲನ್ನು ಉಗಿಯಲ್ಲಿ ಮೆದುಗೊಳಿಸಿ, ಹೊರಮೈ ಸೀಳದಂತೆ ಲೋಹದ ಪಟ್ಟಿಯನ್ನು ಬಿಗಿದು, ಎರಕದ ಅಚ್ಚಿನ ಸುತ್ತ ಬಾಗಿಸುವ ವಿಧಾನಕ್ಕೆ 1856ರಲ್ಲಿ ಹಕ್ಕುಪತ್ರ ದೊರೆಯಿತು. ಮೊರೇವಿಯಾ ಪ್ರಾಂತದ ಕೊರಿಚಾನಿ ಎಂಬಲ್ಲಿ, ಬೀಚ್ ಮರದ ಕಾಡುಗಳ ನಡುವೆ, 1857ರಲ್ಲಿ ಕಾರ್ಖಾನೆ ಆರಂಭವಾಯಿತು. 1859ರ ‘14ನೆಯ ಸಂಖ್ಯೆ’ಯ ಕುರ್ಚಿಗೆ ಬೇಕಾದದ್ದು ಮರದ 6 ಭಾಗಗಳು, 10 ತಿರುಪುಮೊಳೆಗಳು, 2 ನಟ್ಟುಗಳು. ಬಿಚ್ಚಿದ 36 ಕುರ್ಚಿಗಳು ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು. 1930ರ ವೇಳೆಗೆ ಈ ಮಾದರಿಯ ಸುಮಾರು 5 ಕೋಟಿ ಕುರ್ಚಿಗಳು ಮಾರಾಟವಾಗಿದ್ದವೆಂಬುದು ಪ್ರಸಿದ್ಧವಾದ ಲೆಕ್ಕ.

ಈ ಕುರ್ಚಿಯಲ್ಲಿ ಎರಡು ಅಂಶಗಳು ನಮ್ಮ ವಿಚಾರಕ್ಕೆ ಮುಖ್ಯವಾಗಿವೆ. ಮೊದಲನೆಯದು, ಉತ್ಪಾದನೆಯ ಕೊನೆಯ ಹಂತವಾದ ಜೋಡಣೆಯನ್ನು ಕಾರ್ಖಾನೆ ತನ್ನ ಗೋಡೆಯ ಹೊರಕ್ಕೆ ಕಳುಹಿಸಿತು. ಸಾಗಣೆಯ ವೆಚ್ಚವನ್ನು ಉಳಿಸಲು ಮಾಡಿದ ಈ ಏರ್ಪಾಡು, ತಿರುಪುಳಿಯನ್ನು ಬೇರೆಯವರ ಕೈಗೆ ಕೊಟ್ಟಿತು. ಜೋಡಿಸಬಲ್ಲವರು ಬಿಚ್ಚಬಲ್ಲರು, ಬಿಚ್ಚಬಲ್ಲವರು ಬದಲಿಸಬಲ್ಲರು. ಎರಡನೆಯದು, ಚೌಕಟ್ಟು ಯಂತ್ರದ್ದಾದರೂ ಆಸನ ಬೆತ್ತದ ಹೆಣಿಗೆಯದು. ಮೊರೇವಿಯಾದ ಹಳ್ಳಿಗಳ ಹೆಂಗಸರೂ ಮಕ್ಕಳೂ ಮನೆಯಲ್ಲಿ ಕುಳಿತು ಅದನ್ನು ಹೆಣೆಯುತ್ತಿದ್ದರು. ಬೆತ್ತ ಚೌಕಟ್ಟಿಗಿಂತ ಬೇಗ ಸವೆಯುತ್ತದೆ. ಆದುದರಿಂದ ಪ್ರತಿ ಕುರ್ಚಿಯೂ ತನ್ನ ಆಯುಷ್ಯದಲ್ಲಿ ಹಲವು ಸಲ, ತಾನು ತಲುಪಿದ ಊರಿನ ಯಾರದೋ ಕೈಗೆ ಮರಳಿ ಬರಲೇಬೇಕಾಗಿತ್ತು. ಹೀಗೆ ಸಾಮೂಹಿಕ ಉತ್ಪಾದನೆಯ ಆದಿಮ ಮಾದರಿಯಲ್ಲಿಯೇ ಕೈಗೆಲಸಕ್ಕೆ ಎರಡು ಬಾಗಿಲುಗಳು ತೆರೆದಿದ್ದವು.

3

ಇದೇ ಕಾಲದ ಚಿಂತಕರು ಯಂತ್ರವನ್ನೂ ಕೈಯನ್ನೂ ಪರಸ್ಪರ ವಿರೋಧಿಗಳೆಂದು ಭಾವಿಸಿದರು. ಜಾನ್ ರಸ್ಕಿನ್ 1851-53ರಲ್ಲಿ ಪ್ರಕಟಿಸಿದ ‘ದಿ ಸ್ಟೋನ್ಸ್ ಆಫ್ ವೆನಿಸ್’ನಲ್ಲಿ ಗಾಥಿಕ್ ಶಿಲ್ಪಿಯ ಸ್ವಾತಂತ್ರ್ಯವನ್ನು ಕಾರ್ಖಾನೆಯ ಕೂಲಿಯ ದಾಸ್ಯದ ಎದುರಿಗೆ ಇಟ್ಟನು. ವಿಲಿಯಂ ಮಾರಿಸ್ 1861ರಲ್ಲಿ ಗೆಳೆಯರೊಂದಿಗೆ ಸ್ಥಾಪಿಸಿದ ಸಂಸ್ಥೆ ಕೈಕಸುಬಿನ ಘನತೆಯನ್ನು ಎತ್ತಿಹಿಡಿಯಿತು. ಆದರೆ ಅದರ ಹೆಚ್ಚಿನ ವಸ್ತುಗಳು ಸಿರಿವಂತರಿಗೆ ಮಾತ್ರ ನಿಲುಕುವಂತಾದವು. ಈ ವಿಚಾರಧಾರೆ ಆನಂದ ಕುಮಾರಸ್ವಾಮಿಯವರ 1909ರ ‘ದಿ ಇಂಡಿಯನ್ ಕ್ರಾಫ್ಟ್ಸ್‌ಮನ್’ ಮೂಲಕ ಭಾರತೀಯ ಓದುಗರಿಗೂ ಪರಿಚಿತವಾಯಿತು. ಇವರೆಲ್ಲರ ಕಾಳಜಿ ತಯಾರಕನ ಕುರಿತಾದುದು. ಕಾರ್ಖಾನೆಯ ಅಗ್ಗದ ಮೇಜನ್ನು ಕೊಂಡ ಬಡ ಸಂಸಾರ ಅದಕ್ಕೆ ತಾನೇ ಏನು ಮಾಡಿತೆಂಬ ಕಡೆಗೆ ಅವರ ದೃಷ್ಟಿ ಹರಿಯಲಿಲ್ಲ.

ಆ ಕಡೆಗೆ ದೃಷ್ಟಿ ಹರಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಹಾಲೆಂಡಿನ ಗೆರಿಟ್ ರೀಟ್‌ವೆಲ್ಡ್ 1934ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆ, ಸರಕು ತುಂಬುವ ಪೆಟ್ಟಿಗೆಯ ಹಲಗೆಗಳಂಥ ಒರಟು ಹಲಗೆಗಳಿಂದ ಕುರ್ಚಿ ಮೇಜುಗಳನ್ನು ರೂಪಿಸಿದನು. ಆಮ್‌ಸ್ಟರ್‌ಡಾಮಿನ ಮೆಟ್ಜ್ ಅಂಗಡಿ ಇವುಗಳ ಹಲಗೆಗಳನ್ನು ಬಿಡಿಯಾಗಿ ಮಾರುತ್ತಿತ್ತು. ಕೊಂಡವರು ಮನೆಯಲ್ಲಿ ಜೋಡಿಸಿ ಬೇಕಾದ ಬಣ್ಣ ಬಳಿದುಕೊಳ್ಳಬಹುದಾಗಿತ್ತು.

ಇಟಲಿಯ ಎಂಜೊ ಮಾರಿ ಇನ್ನೂ ಮುಂದೆ ಹೋದನು. 1974ರಲ್ಲಿ ಆತನು ಮಿಲಾನಿನಲ್ಲಿ ಮಂಡಿಸಿದ ‘ಆಟೊಪ್ರೊಜೆತ್ತಾಟ್ಸಿಯೋನೆ’ಯಲ್ಲಿ ಮಾರಾಟಕ್ಕೆ ಇದ್ದದ್ದು ಪೀಠೋಪಕರಣವಲ್ಲ, ನಕ್ಷೆ. ಸುತ್ತಿಗೆ, ಮೊಳೆ, ಗರಗಸ, ಸಾಮಾನ್ಯ ಹಲಗೆಗಳಿಂದ ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಮೇಜು, ಮಂಚ, ಕುರ್ಚಿಗಳ ಮಾದರಿಗಳು ಅದರಲ್ಲಿದ್ದವು. ಅಂಚೆವೆಚ್ಚ ಕಳುಹಿಸಿದವರಿಗೆ ನಕ್ಷೆ ದೊರೆಯುತ್ತಿತ್ತು. ಕಾರ್ಖಾನೆಗಳೂ ವರ್ತಕರೂ ಇದನ್ನು ಬಳಸಕೂಡದೆಂಬುದು ಆತನ ನಿಬಂಧನೆ. ಮಾಡಿಕೊಂಡವರು ತಮ್ಮ ವಸ್ತುವಿನ, ಅದರಲ್ಲಿಯೂ ತಾವು ಬದಲಿಸಿಕೊಂಡ ರೂಪದ, ಛಾಯಾಚಿತ್ರವನ್ನು ಕಳುಹಿಸಬೇಕೆಂಬುದು ಆತನ ವಿನಂತಿ. ಪಾಠಾಂತರವನ್ನು ಮೂಲಕರ್ತೃವೇ ಬರಮಾಡಿಕೊಂಡ ಅಪರೂಪದ ಪ್ರಸಂಗವಿದು. ಒಂದು ಕುರ್ಚಿಯನ್ನು ಸ್ವತಃ ಮಾಡಿ ನೋಡಿದವನಿಗೆ ಅಂಗಡಿಯ ಕುರ್ಚಿಯ ಗುಣದೋಷ ತಿಳಿಯುವ ಕಣ್ಣು ಬರುತ್ತದೆಂಬುದು ಮಾರಿಯ ನಂಬಿಕೆಯಾಗಿತ್ತು.

2020ರಲ್ಲಿ ತೀರಿಕೊಂಡ ಮಾರಿಯ ಜೀವಿತಾವಧಿಯಲ್ಲಿಯೇ ಆ ನಕ್ಷೆಗಳು ಎರಡು ಭಿನ್ನ ದಾರಿಗಳನ್ನು ಹಿಡಿದವು. ಫಿನ್ಲೆಂಡಿನ ಆರ್ಟೆಕ್ ಸಂಸ್ಥೆ 2010ರಲ್ಲಿ ಆತನ ಒಪ್ಪಿಗೆಯಿಂದ ಒಂದು ಕುರ್ಚಿಯ ಹಲಗೆ ಮೊಳೆಗಳನ್ನು ಕಟ್ಟಿ ಮಾರತೊಡಗಿತು. ಅದಾದ ಕೆಲವೇ ವರ್ಷಗಳಲ್ಲಿ ಬರ್ಲಿನ್ ನಗರದ ಕುಕುಲಾ ಎಂಬ ಕಾರ್ಯಾಗಾರದಲ್ಲಿ, ಸಮುದ್ರ ದಾಟಿ ಬಂದ ಪಶ್ಚಿಮ ಆಫ್ರಿಕದ ನಿರಾಶ್ರಿತ ತರುಣರು ಅದೇ ನಕ್ಷೆಗಳಿಂದ ಕುರ್ಚಿ ಮಾಡಿ ಮಾರಲು ಮಾರಿ ಅನುಮತಿಯಿತ್ತನು. ಅವರು ಕೆಲವು ಕುರ್ಚಿಗಳಲ್ಲಿ, ಲ್ಯಾಂಪೆಡೂಸಾ ದ್ವೀಪದ ದಡಕ್ಕೆ ಬಂದ ವಲಸಿಗರ ದೋಣಿಗಳ ಬಣ್ಣದ ಹಲಗೆಯ ತುಂಡುಗಳನ್ನು ಸೇರಿಸಿದರು. ನಕ್ಷೆ ಇಟಲಿಯ ವಿನ್ಯಾಸಕಾರನದು. ಆ ತುಂಡು ಹಲಗೆಯಿಂದ ಕುರ್ಚಿಗೆ ಬಂದ ಅರ್ಥ ಮಾತ್ರ ಅವರದೇ.

4

ಬಳಸುವವರ ಕೈಗೆಲಸ ಇಂದು ಅತ್ಯಂತ ವ್ಯಾಪಕವಾಗಿ ಕಾಣುವುದು ಸ್ವೀಡನ್ನಿನ ಐಕಿಯಾ ಸಂಸ್ಥೆಯ ವಸ್ತುಗಳ ಮೇಲೆ. ಇಂಗ್ವರ್ ಕಾಂಪ್ರಾಡ್ 1943ರಲ್ಲಿ ಸ್ಥಾಪಿಸಿದ ಈ ಸಂಸ್ಥೆ 1948ರಲ್ಲಿ ಪೀಠೋಪಕರಣಗಳ ಮಾರಾಟಕ್ಕೆ ಕೈಹಾಕಿತು. 1956ರ ಸುಮಾರಿಗೆ ಎಲೆಯಾಕಾರದ ಒಂದು ಮೇಜು ಕಾರಿನಲ್ಲಿ ಹಿಡಿಸದಿದ್ದಾಗ ಯಿಲ್ಲಿಸ್ ಲುಂಡ್‌ಗ್ರೆನ್ ಅದರ ಕಾಲುಗಳನ್ನು ಬಿಚ್ಚಿಟ್ಟನೆಂದೂ, ಅದರಿಂದ ಚಪ್ಪಟೆ ಪೆಟ್ಟಿಗೆಯ ಪದ್ಧತಿ ಬೆಳೆಯಿತೆಂದೂ ಸಂಸ್ಥೆಯ ಐತಿಹ್ಯ ಹೇಳುತ್ತದೆ. ಇದೇ ಲುಂಡ್‌ಗ್ರೆನ್ 1979ರಲ್ಲಿ ರೂಪಿಸಿದ ‘ಬಿಲ್ಲಿ’ ಪುಸ್ತಕದ ಕಪಾಟು ಕೋಟಿಗಟ್ಟಲೆ ಮನೆಗಳನ್ನು ಸೇರಿದೆ. ಟೋನೆಟ್‌ನ ಪೆಟ್ಟಿಗೆಗೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಅಲ್ಲಿ ಜೋಡಿಸುತ್ತಿದ್ದವನು ಸಾಮಾನ್ಯವಾಗಿ ವರ್ತಕ, ಇಲ್ಲಿ ಕೊಂಡವನೇ.

ಬಿಲ್ಲಿ ಕಪಾಟಿಗೆ ಮರದ ಅಂಚುಪಟ್ಟಿ ಸೇರಿಸಿ ಗೋಡೆಯೊಳಗೆ ಕೂಡಿಸುವುದು, ಬಣ್ಣವಿಲ್ಲದ ಪೈನ್ ಮರದ ‘ಇವಾರ್’ ಕಪಾಟಿಗೆ ಚಿತ್ತಾರ ಬರೆಯುವುದು, ಎರಡು ಮೇಜುಗಳ ಭಾಗಗಳಿಂದ ಒಂದು ಮಂಚ ಮಾಡುವುದು ಈಗ ಹಲವು ದೇಶಗಳ ಮನೆಗಳಲ್ಲಿ ರೂಢಿಯಾಗಿದೆ. ಇದಕ್ಕೆ ಅನುಕೂಲವಾದ ಒಂದು ತಾಂತ್ರಿಕ ಕಾರಣವಿದೆ. ಯೂರೋಪಿನ ಕಪಾಟುಗಳ ಒಳಬದಿಯ ರಂಧ್ರಗಳ ನಡುವೆ 32 ಮಿಲಿಮೀಟರ್ ಅಂತರವೆಂಬ ಸಮಾನ ಅಳತೆ ರೂಢಿಯಲ್ಲಿದೆ. ಅಳತೆ ಎಲ್ಲೆಡೆ ಒಂದೇ ಆಗಿರುವುದರಿಂದ ಒಬ್ಬನು ಮಾಡಿದ ಬಾಗಿಲು ಇನ್ನೊಬ್ಬನ ಕಪಾಟಿಗೆ ಹೊಂದುತ್ತದೆ. ಏಕರೂಪತೆ ವೈವಿಧ್ಯವನ್ನು ಕೊಲ್ಲುತ್ತದೆಂಬ ರಸ್ಕಿನ್ ಪರಂಪರೆಯ ವಾದಕ್ಕೆ ಇದೊಂದು ತಿದ್ದುಪಡಿ. ಛಂದಸ್ಸಿನ ಗಣನಿಯಮ ಸಮಾನವಾಗಿರುವುದರಿಂದಲೇ ಷಟ್ಪದಿಯಲ್ಲಿ ನೂರಾರು ಕವಿಗಳು ತಂತಮ್ಮ ಕಾವ್ಯ ರಚಿಸಲು ಸಾಧ್ಯವಾಯಿತೆಂಬುದನ್ನು ಇಲ್ಲಿ ನೆನೆಯಬಹುದು.

ಆದರೆ ಈ ಕೈಗೆಲಸಕ್ಕೆ ಒಂದು ಕಟ್ಟುನಿಟ್ಟಾದ ಎಲ್ಲೆಯೂ ಉಂಟು; ಅದು ಮೂಲದ್ರವ್ಯದ ಎಲ್ಲೆ. ಅಗ್ಗದ ಕಪಾಟುಗಳು ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆಗಳವು. ‘ಲಾಕ್’ ಎಂಬ ಪ್ರಸಿದ್ಧ ಮೇಜಿನ ಒಳಗೆ ಇರುವುದು ಜೇನುಗೂಡಿನಂಥ ಕಾಗದದ ತುಂಬುವಿಕೆ. ಇಂಥ ಹಲಗೆಯಲ್ಲಿ ತಿರುಪುಮೊಳೆಯನ್ನು ಕೆಲವು ಸಲ ಬಿಚ್ಚಿ ಹಾಕಿದರೆ ರಂಧ್ರ ಸಡಿಲವಾಗುತ್ತದೆ. ನೀರು ತಾಗಿದರೆ ಹಲಗೆ ಉಬ್ಬುತ್ತದೆ. ಉಳಿಯಿಂದ ಕೆತ್ತಲು ಬರುವುದೇ ಇಲ್ಲ. ಬೆತ್ತದ ಕುರ್ಚಿ ದುರಸ್ತಿಯನ್ನು ನಿರೀಕ್ಷಿಸಿಯೇ ಹುಟ್ಟಿತ್ತು. ಚೂರುಹಲಗೆಯ ಕಪಾಟು ಅದನ್ನು ನಿರೀಕ್ಷಿಸುವುದಿಲ್ಲ. ಬಳಸುವವರಿಗೆ ಸ್ವಾತಂತ್ರ್ಯವಿದೆಯೆಂದು ಕೊಂಡಾಡುವ ಮೊದಲು, ಆ ಸ್ವಾತಂತ್ರ್ಯ ಎಷ್ಟು ವರ್ಷ ಬಾಳುತ್ತದೆಂದು ಕೇಳುವುದು ಅವಶ್ಯಕ.

ಬಳಸುವವರ ಕೈಗೆಲಸವನ್ನು ವ್ಯಾಪಾರ ತನ್ನೊಳಗೆ ಸೇರಿಸಿಕೊಳ್ಳುತ್ತಿರುವುದೂ ಗಮನಾರ್ಹ. ಐಕಿಯಾದ ಸೋಫಾಗಳಿಗೆ ಬೇರೆ ಗವಸು, ಬೇರೆ ಕಾಲು ಮಾರುವ ಸಂಸ್ಥೆಗಳು ಸ್ವೀಡನ್ನಿನಲ್ಲಿಯೇ ಹುಟ್ಟಿವೆ. ಟಾಮ್ ಡಿಕ್ಸನ್ ಜೊತೆಗೂಡಿ ಐಕಿಯಾ 2018ರಲ್ಲಿ ಹೊರತಂದ ‘ಡೆಲಾಕ್ಟಿಗ್’ ಆಸನ, ಬದಲಾವಣೆಗಳನ್ನು ಮೊದಲೇ ನಿರೀಕ್ಷಿಸಿ ರೂಪುಗೊಂಡದ್ದು. ಮೈಕೇಲ್ ನಾರ್ಟನ್, ಡೇನಿಯಲ್ ಮೊಕಾನ್, ಡ್ಯಾನ್ ಏರಿಯಲಿ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಜನ ತಾವೇ ಜೋಡಿಸಿದ ಸಾಧಾರಣ ವಸ್ತುವಿಗೆ ಹೆಚ್ಚು ಬೆಲೆ ಕಟ್ಟುತ್ತಾರೆ. ಕೆಲಸ ಪೂರ್ಣವಾಗದಿದ್ದರೆ ಆ ಹೆಚ್ಚಳ ಕಾಣುವುದಿಲ್ಲ. ಇದಕ್ಕೆ ಅವರು ಐಕಿಯಾದ ಹೆಸರನ್ನೇ ಕೊಟ್ಟಿದ್ದಾರೆ. ಶ್ರಮದಿಂದ ಮಮತೆ ಹುಟ್ಟುತ್ತದೆಂಬ ಹಳೆಯ ಮಾತು ಹೀಗೆ ಮಾರಾಟಗಾರನಿಗೂ ಉಪಯುಕ್ತವಾದ ಜ್ಞಾನವಾಗಿದೆ.

5

ಭಾರತದ ಸಂದರ್ಭದಲ್ಲಿ ಈ ಚರಿತ್ರೆ ಬೇರೆ ತಿರುವು ಪಡೆಯುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಉಪಭೋಗಗಳ ನಡುವೆ ಆಸನ, ಶಯ್ಯೆಗಳಿಗೂ ಪ್ರತ್ಯೇಕ ಸ್ಥಾನವಿದೆ. ಅಲ್ಲಿ ವಸ್ತು ಬಳಸುವವನ ಅಂತಸ್ತು, ಸಮಯಗಳಿಗೆ ತಕ್ಕಂತೆ ಸಿದ್ಧವಾಗುತ್ತದೆ. ಬಳಸುವವನು ಆಜ್ಞಾಪಿಸುತ್ತಾನೆ, ಕುಶಲಕರ್ಮಿ ಮಾಡುತ್ತಾನೆ. ಕಾರ್ಖಾನೆಯ ವಸ್ತು ಬಂದ ಮೇಲೆಯೂ ನಮ್ಮ ನಗರಗಳ ಮಧ್ಯಮವರ್ಗ ಈ ಸಂಬಂಧವನ್ನು ಪೂರ್ತಿ ಬಿಡಲಿಲ್ಲ. ಪಾಶ್ಚಾತ್ಯ ಗೃಹಸ್ಥನು ರಜಾದಿನದ ಹವ್ಯಾಸವಾಗಿ ಮಾಡುವ ಕೆಲಸವನ್ನು ಇಲ್ಲಿ ಕರೆಸಿಕೊಂಡ ಬಡಗಿ ಜೀವನೋಪಾಯಕ್ಕಾಗಿ ಮಾಡುತ್ತಾನೆ. ಐಕಿಯಾ ಹೈದರಾಬಾದಿನಲ್ಲಿ 2018ರಲ್ಲಿ, ನವಿ ಮುಂಬಯಿಯಲ್ಲಿ 2020ರಲ್ಲಿ, ಬೆಂಗಳೂರಿನ ನಾಗಸಂದ್ರದಲ್ಲಿ 2022ರಲ್ಲಿ ಮಳಿಗೆ ತೆರೆಯಿತು. ಕೊಂಡವರೇ ಜೋಡಿಸಬೇಕೆಂಬ ತತ್ತ್ವಕ್ಕೆ ಹೆಸರಾದ ಈ ಸಂಸ್ಥೆ ಇಲ್ಲಿ ಜೋಡಣೆಯ ಸೇವೆಯನ್ನೂ ಒದಗಿಸಬೇಕಾಯಿತು. ಆದುದರಿಂದ ‘ಬಳಸುವವರ ಕೈಗೆಲಸ’ ಎಂಬ ಮಾತನ್ನು ಭಾರತಕ್ಕೆ ಅನ್ವಯಿಸುವಾಗ, ಆ ಕೈ ಯಾರದೆಂದು ಪ್ರತಿ ಸಲವೂ ಕೇಳಬೇಕು.

ಮುಂಬಯಿ, ಪುಣೆ, ಹೈದರಾಬಾದುಗಳ ಇರಾನಿ ಹೋಟೆಲುಗಳಲ್ಲಿ ಯೂರೋಪಿನಿಂದ ಬಂದ ಬಾಗಿಸಿದ ಮರದ ಕುರ್ಚಿಗಳು ತಲೆಮಾರುಗಳ ಕಾಲ ಉಳಿದುಬಂದವು. ಬೆತ್ತದ ಆಸನವನ್ನು ಮರುಹೆಣೆಯುವ ಕೆಲಸ ನಮ್ಮ ಸರ್ಕಾರಿ ಕಚೇರಿಗಳಲ್ಲಿ ದೃಷ್ಟಿಹೀನರ ಒಂದು ಮುಖ್ಯ ಜೀವನೋಪಾಯವಾಗಿತ್ತು; ಬೆರಳ ಸ್ಪರ್ಶದಿಂದಲೇ ಎಳೆಗಳ ಲೆಕ್ಕವನ್ನು ಹಿಡಿಯುವ ಈ ವಿದ್ಯೆ ಪ್ಲಾಸ್ಟಿಕ್ ಮತ್ತು ಸ್ಪಂಜಿನ ಆಸನಗಳು ಬಂದಂತೆ ಕ್ಷೀಣಿಸಿತು. ಆರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಸಂಸ್ಥೆ 1923ರಲ್ಲಿ ಉಕ್ಕಿನ ಕಪಾಟುಗಳ ತಯಾರಿಕೆಗೆ ತೊಡಗಿತು. ಈ ಕಪಾಟು ಮಧ್ಯಮವರ್ಗದ ಮನೆಗಳಲ್ಲಿ ‘ಗೋದ್ರೆಜ್’ ಎಂಬ ಅಂಕಿತನಾಮದಿಂದಲೇ ಕರೆಯಿಸಿಕೊಳ್ಳುವಷ್ಟು ವ್ಯಾಪಿಸಿತು. ಉಕ್ಕನ್ನು ಕೆತ್ತಲಾಗದು, ಆದರೂ ಹಬ್ಬದ ದಿನ ಅದರ ಬಾಗಿಲಿಗೆ ಅರಿಸಿನ ಕುಂಕುಮ ಬಿದ್ದಿತು, ಕನ್ನಡಿಯ ಅಂಚಿಗೆ ಬಿಂದಿಗಳು ಅಂಟಿದವು, ಪಕ್ಕದ ತಗಡಿನ ಮೇಲೆ ಮಕ್ಕಳ ಎತ್ತರದ ಗೆರೆಗಳು ಮೂಡಿದವು.

ಫ್ರಾನ್ಸಿನ ಹೆನ್ರಿ ಮಾಸೊನೆ 1972ರಲ್ಲಿ ರೂಪಿಸಿದ ಪ್ಲಾಸ್ಟಿಕ್ ಕುರ್ಚಿಯ ಸಂತತಿ ಇಂದು ಜಗತ್ತಿನ ಮೂಲೆಮೂಲೆಯಲ್ಲಿದೆ. ಒಂದೇ ಅಚ್ಚಿನಲ್ಲಿ ಒಂದೇ ಸಲ ಎರಕವಾಗುವ ಇದಕ್ಕೆ ಬಿಡಿಭಾಗವೆಂಬುದೇ ಇಲ್ಲ. ಬಳಸುವವರ ಕೈಗೆ ಬಾಗಿಲನ್ನು ಪೂರ್ತಿ ಮುಚ್ಚಿದ ವಸ್ತುವೆಂದರೆ ಇದೇ ಎನ್ನಬೇಕು. ಆದರೂ ನಮ್ಮ ರಸ್ತೆಬದಿಯ ಅಂಗಡಿಗಳಲ್ಲಿ, ಕಾವಲುಗಾರರ ಗೂಡುಗಳಲ್ಲಿ, ಸೀಳಿದ ಬೆನ್ನಿಗೆ ಕಾಯಿಸಿದ ಮೊಳೆಯಿಂದ ರಂಧ್ರ ಕೊರೆದು ತಂತಿಯಿಂದ ಹೊಲಿದ ಇಂಥ ಕುರ್ಚಿಗಳು ಕಾಣಸಿಗುತ್ತವೆ. ಕ್ಲೋದ್ ಲೆವಿ-ಸ್ತ್ರೋಸ್ 1962ರಲ್ಲಿ ವರ್ಣಿಸಿದ, ಕೈಗೆ ಸಿಕ್ಕಿದ್ದರಿಂದಲೇ ಕೆಲಸ ಸಾಗಿಸುವ ಜಾಣನ ಪರಿಕಲ್ಪನೆಯನ್ನು ಇಲ್ಲಿ ಉಲ್ಲೇಖಿಸುವುದು ಸುಲಭ. ಆದರೆ ಈ ಹೊಲಿಗೆಯಲ್ಲಿ ಜಾಣ್ಮೆಯಷ್ಟೇ ಕೊರತೆಯೂ ಇದೆ. ಹೊಸ ಕುರ್ಚಿ ಕೊಳ್ಳಲಾರದವನ ದುರಸ್ತಿಯನ್ನೂ ಕೊಳ್ಳಬಲ್ಲವನ ಅಲಂಕಾರವನ್ನೂ ಒಂದೇ ಹೆಸರಿನಲ್ಲಿ ಕೊಂಡಾಡುವುದು ವಿವೇಕವಲ್ಲ.

6

ಈ ಸಮೀಕ್ಷೆಯಿಂದ ಹೊರಡುವ ಪ್ರಶ್ನೆ ದಾಖಲೆಯದು. ವಸ್ತುಸಂಗ್ರಹಾಲಯಗಳು ಹಳೆಯ ಕುರ್ಚಿಯನ್ನು ಪಡೆದಾಗ ಮೇಲಿನ ಬಣ್ಣವನ್ನು ಕೆರೆದು ಮೂಲರೂಪಕ್ಕೆ ತರಲು ಯತ್ನಿಸುವುದುಂಟು. ಆಗ ನಾಶವಾಗುವುದು ಬಳಸಿದವರ ಚರಿತ್ರೆ. ಎಲ್ಲ ಪಾಠಾಂತರಗಳನ್ನೂ ಅಳಿಸಿ ಶುದ್ಧಪಾಠವೊಂದನ್ನೇ ಮುದ್ರಿಸಿದ ಗ್ರಂಥಕ್ಕೆ ಇದು ಸಮಾನ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಯನ್ನು ಮುನ್ನಡೆಸಿ, ದೇಶದ ಕಸುಬುಗಳಿಗೆ ಹೆಸರೂ ಮಾರುಕಟ್ಟೆಯೂ ದೊರೆಯುವಂತೆ ಮಾಡಿದರು. ಆ ಮಂಡಲಿಯನ್ನು ಕೇಂದ್ರ ಸರ್ಕಾರ 2020ರಲ್ಲಿ ರದ್ದುಗೊಳಿಸಿತು. ಹೆಸರುಳ್ಳ ಕಸುಬಿನ ಗತಿಯೇ ಹೀಗಿರುವಾಗ, ಹೆಸರಿಲ್ಲದ ಮನೆಗೆಲಸದ ಕಸುಬನ್ನು ಯಾವ ಇಲಾಖೆಯೂ ಪಟ್ಟಿಮಾಡುವ ಸಂಭವವಿಲ್ಲ. ಆ ಕೆಲಸ ಸಂಶೋಧಕರ ಪಾಲಿಗೆ ಉಳಿದಿದೆ.

ಹೊರನಾಡಿನ ಕನ್ನಡ ಸಂಶೋಧಕರಿಗೆ ಇದರಲ್ಲಿ ವಿಶೇಷ ಹೊಣೆಯಿದೆಯೆಂದು ನಾವು ಭಾವಿಸುತ್ತೇವೆ. ಊರು ಬಿಟ್ಟು ಮುಂಬಯಿ, ಚೆನ್ನೈ, ದೆಹಲಿಗಳಿಗೆ ಹೋದವರು ತೊಟ್ಟಿಮನೆಯ ಕಂಬವನ್ನಾಗಲಿ ತೂಗುಮಣೆಯನ್ನಾಗಲಿ ಒಯ್ಯಲಾರದವರಾಗಿದ್ದರು. ಅವರ ಒಂದೆರಡು ಕೋಣೆಗಳ ಮನೆಗಳನ್ನು ತುಂಬಿದ್ದು ನೆರೆಯವರ ಮನೆಯಲ್ಲಿಯೂ ಇದ್ದ ಕಾರ್ಖಾನೆಯ ಮಂಚ, ಕಪಾಟು, ಮಡಿಚುವ ಕುರ್ಚಿಗಳೇ. ಕಬ್ಬಿಣದ ಮಂಚಕ್ಕೆ ಹಾಸಿದ ಹಳೆಯ ಸೀರೆಗಳ ಕೌದಿ, ಕುರ್ಚಿಯ ಬೆನ್ನಿಗೆ ಹಾಕಿದ ಕಸೂತಿಯ ಗವಸು, ಕಪಾಟಿನ ಮೇಲ್ಭಾಗವನ್ನೇ ದೇವರ ಮನೆಯಾಗಿಸಿದ ಮರದ ಮಂಟಪ ಮೊದಲಾದವುಗಳ ಮೂಲಕವೇ ಆ ಕೋಣೆ ಕನ್ನಡದ ಮನೆಯಾದದ್ದು. ನಮ್ಮ ಸಂಘಗಳ ಸ್ಮರಣಸಂಚಿಕೆಗಳಲ್ಲಿ ಅಧ್ಯಕ್ಷರ ಭಾವಚಿತ್ರಗಳಿರುತ್ತವೆ; ಕೌದಿ ಹೊಲಿದವರ ಹೆಸರುಗಳು ಇರುವುದಿಲ್ಲ. ಹಳೆಯ ಚಾಳುಗಳು ಕೆಡವಲ್ಪಟ್ಟು ಬಹುಮಹಡಿ ಕಟ್ಟಡಗಳಾಗುವಾಗ ಮೊದಲು ಗುಜರಿಗೆ ಹೋಗುವುದು ಇಂಥ ವಸ್ತುಗಳೇ.

ಆದುದರಿಂದ ವಸ್ತುವೊಂದನ್ನು ದಾಖಲಿಸುವಾಗ ಅದನ್ನು ಮಾಡಿದ ಕಾರ್ಖಾನೆ, ವರ್ಷ, ಮೂಲದ್ರವ್ಯಗಳ ಜೊತೆಗೆ, ಅದರ ಮೇಲೆ ನಡೆದ ಪ್ರತಿಯೊಂದು ಕೆಲಸವನ್ನೂ ಕಾಲಕ್ರಮದಲ್ಲಿ ಬರೆಯಬೇಕು: ಯಾರು ಬದಲಿಸಿದರು, ಸ್ವತಃ ಮಾಡಿದರೋ ಕೂಲಿ ಕೊಟ್ಟು ಮಾಡಿಸಿದರೋ, ಯಾವ ಉಪಕರಣದಿಂದ, ಯಾವ ಅಗತ್ಯಕ್ಕೆ. ಉತ್ತರಿಸಬಲ್ಲ ಹಿರಿಯರು ಇನ್ನೂ ಇರುವಾಗಲೇ ಈ ಪ್ರಶ್ನೆಗಳನ್ನು ಕೇಳಬೇಕು. ಓಲೆಗರಿಯ ಪ್ರತಿಕಾರನು ಗ್ರಂಥದ ಕೊನೆಯಲ್ಲಿ ತನ್ನ ಹೆಸರನ್ನೂ ತಿಥಿಯನ್ನೂ ಬರೆದು ಓದುಗರ ಕ್ಷಮೆ ಬೇಡುವ ಪದ್ಧತಿಯಿತ್ತು. ಅದರಿಂದ ಎಷ್ಟೋ ಕಾಲನಿರ್ಣಯಗಳು ನಮಗೆ ಸಾಧ್ಯವಾದವು. ಕುರ್ಚಿಯನ್ನು ಹೊಲಿದವರು ಹಾಗೆ ಬರೆದಿಡಲಿಲ್ಲ. ಅವರ ಪರವಾಗಿ ಬರೆದಿಡುವುದು ಈ ತಲೆಮಾರಿನ ಸಂಶೋಧಕರು ಮಾಡಬಹುದಾದ, ಮಾಡಲೇಬೇಕಾದ ಕೆಲಸ.